ಯಂತ್ರಕ್ಕೆ ಸಿಗದ ನೀರು

ಮಾರ್ಚ್ 4

ಹಾಲ್ಟರ್ ಅಣೆಕಟ್ಟಿನ ವರ್ಷದ ಪ್ರವಾಸ ಮುಗಿಯಿತು. ಕಾಲುಗಳು ಬಿದ್ದುಹೋಗುತ್ತಿವೆ, ಮನಸ್ಸು ಮಾತ್ರ ಇನ್ನೂ ಅಲ್ಲೇ ಇದೆ. ಈ ವಿದ್ಯುತ್ ಸಂಘದ ಕೆಲಸ ನೋಡಿಕೊಂಡು ಅರ್ಧ ಆಯಸ್ಸು ಕಳೆದರೂ ಆ ಲಿಫ್ಟಿನ ಬಾಗಿಲು ತೆರೆದಾಗ ನನಗೆ ಮೊದಲ ದಿನದಂತೆಯೇ ಉಸಿರು ಕಟ್ಟುತ್ತದೆ. ಬೆಟ್ಟದ ಹೊಟ್ಟೆಯೊಳಗೆ ಅಷ್ಟುದ್ದದ ಯಂತ್ರಶಾಲೆ, ಕನ್ನಡಿಯಂಥ ನೆಲ, ಸಾಲಾಗಿ ಕೂತ ಯಂತ್ರಗಳು. ಸದ್ದು ಮೊದಲು ಕಿವಿಗೆ ಕೇಳಿಸುವುದಿಲ್ಲ, ಅಂಗಾಲಿಗೆ ತಿಳಿಯುತ್ತದೆ. ಚರ್ಚಿನಲ್ಲಿ ಬಾರದ ಭಕ್ತಿ ನನಗೆ ಅಲ್ಲಿ ಬರುತ್ತದೆ ಎಂದರೆ ನಮ್ಮ ಪಾದ್ರಿಗೆ ಬೇಸರವಾದೀತು. ಇಲ್ಲಿ ಬರೆದುಕೊಂಡರೆ ಯಾರಿಗೂ ತೊಂದರೆಯಿಲ್ಲ.

ನಮ್ಮ ಪದ್ಧತಿಯಂತೆ ಹೊಸದಾಗಿ ಬಂದವರೆಲ್ಲ ಯಂತ್ರದ ಕವಚಕ್ಕೆ ಅಂಗೈ ಒತ್ತಿ ನಿಂತರು. ಒಬ್ಬ ಹುಡುಗನಿಗೆ ಕಣ್ಣು ತುಂಬಿತು. ನಮ್ಮ ಅಧ್ಯಕ್ಷ ವೇಡ್ ಸ್ಟಬಲ್‌ಫೀಲ್ಡ್, ದನ ಸಾಕಿ ಗಟ್ಟಿಯಾದ ಮನುಷ್ಯ, ಹ್ಯಾಟ್ ತೆಗೆದು ಎದೆಗೆ ಹಿಡಿದು, "ಇದನ್ನ ಕಟ್ಟಿದೋರು ನಮ್ಮಂಥ ಮನುಷ್ಯರೇನಾ ಅಂತ ವರ್ಷಾವರ್ಷ ಅನುಮಾನ ಬರುತ್ತೆ ನೋಡು ಮಾರ್ಲಿಸ್" ಎಂದ. ಆಮೇಲೆ ಎಲ್ಲರೂ ಅಲ್ಲೇ ಕೂತು ಹ್ಯಾಮ್ ಸ್ಯಾಂಡ್‌ವಿಚ್ ತಿಂದು, ಲಿಫ್ಟ್ ಹತ್ತಿ ವಾಪಸು ಬಂದೆವು.

ಎಲ್ಡನ್ ಬಾಗಿಲಲ್ಲೇ ನಿಂತು ಗೇಲಿ ಮಾಡಿದ. "ಬಂದ್ಳಪ್ಪಾ ನೀರಿನ ವಕೀಲೆ!" ನಾನು ನೀರಿನ ವಕೀಲೆ ಅಲ್ಲ ಎಂದು ಈ ಗಂಡನಿಗೆ ಎಷ್ಟು ಸಲ ಹೇಳಿದರೂ ಅಷ್ಟೆ. ಸರ್ಕಾರದ ಅಣೆಕಟ್ಟಿನಿಂದ ಅಸಲು ಬೆಲೆಗೆ ವಿದ್ಯುತ್ ಕೊಳ್ಳುವ ಸಣ್ಣ ಊರುಗಳು, ರೈತರ ಸಹಕಾರ ಸಂಘಗಳು, ಬುಡಕಟ್ಟಿನ ವಿದ್ಯುತ್ ಮಂಡಳಿಗಳು, ಇವರೆಲ್ಲರ ಪರವಾಗಿ ಬಾಯಿ ಮಾಡುವವಳು ನಾನು. ಲಾಭ ಎಂಬುದು ನಮ್ಮ ಸಂಘಕ್ಕೂ ಇಲ್ಲ, ಅವರಿಗೂ ಇಲ್ಲ. ಬಾಯಿ ಮಾತ್ರ ಇದೆ.

ಮಾರ್ಚ್ 19

ಬ್ಯಾಸ್ಕಂಗೆ ಹೋಗಿದ್ದೆ. ನಮ್ಮ ಸದಸ್ಯರಲ್ಲೆಲ್ಲ ಚಿಕ್ಕ ಊರು, ನಾನು ಹುಟ್ಟಿ ಬೆಳೆದ ಊರೂ ಹೌದು. ಅಲ್ಲಿಯ ವಿದ್ಯುತ್ ಕಚೇರಿ ನೋಡಿಕೊಳ್ಳುವ ನೋರ್ವಾ ಹಿಂದೆ ನಮ್ಮ ಪಕ್ಕದ ಮನೆಯವರು. ನಾನು ಮೊಣಕಾಲುದ್ದ ಇದ್ದಾಗಿನಿಂದ ಬಲ್ಲವರಾದ್ದರಿಂದ ನನ್ನನ್ನು ಇವತ್ತಿಗೂ "ಹುಡುಗೀ" ಎನ್ನುತ್ತಾರೆ. ಐವತ್ತೆಂಟು ದಾಟಿದ ಹುಡುಗಿ!

ಸಂಜೆ ಸ್ಕೇಟಿಂಗ್ ಅಂಗಳಕ್ಕೆ ಕರೆದುಕೊಂಡು ಹೋದರು. ಹೊರಗೆ ಹಿಮ ಕರಗಿ ರಾಡಿ, ಒಳಗೆ ಹಾಲಿನಂಥ ಮಂಜುಗಡ್ಡೆ, ಅದರ ಮೇಲೆ ಅರ್ಧ ಊರು. ಇಷ್ಟು ಸಣ್ಣ ಊರಿಗೆ ಇಂಥ ಅಂಗಳ ಎಲ್ಲೂ ಇಲ್ಲ. ಹಾಲ್ಟರ್ ವಿದ್ಯುತ್ ಅಗ್ಗ, ಅದಕ್ಕೇ ಉಳಿದಿದೆ. ಅಷ್ಟು ದೂರದಲ್ಲಿ ಬೀಳುವ ನೀರು ಇಲ್ಲಿ ಮಂಜುಗಡ್ಡೆಯಾಗಿ ಮಲಗಿದೆಯಲ್ಲ ಎಂದು ನೋಡುತ್ತಾ ನಿಂತೆ. ಈ ಪವಾಡಕ್ಕೆ ಯಾರೂ ಕೈ ಮುಗಿಯುವುದಿಲ್ಲ, ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿದೆ.

ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಜೊಲೀನ್ ಪ್ರಾಟ್ ಅಂಚಿನಲ್ಲಿ ನಿಂತು ಮಗಳನ್ನು ನೋಡುತ್ತಿದ್ದಳು. ಮಗಳು ಟೆಸ್ ಒಂಟಿ ಕಾಲಿನಲ್ಲಿ ಗಿರಗಿರನೆ ತಿರುಗುತ್ತಿದ್ದಳು. ಹೋದ ವರ್ಷ ತಂದೆ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ ಹುಡುಗಿಯಂತೆ, ಈ ಅಂಗಳದ ಮೇಲೆಯೇ ಮತ್ತೆ ಬಾಯಿ ಬಿಟ್ಟಳಂತೆ.

"ಜಲಾಶಯ ಇಳೀತಾ ಇದೆ, ಕರೆಂಟ್ ಕಮ್ಮಿ ಆಗುತ್ತೆ ಅಂತ ಟೀವಿಯಲ್ಲಿ ಹೇಳ್ತಿದಾರೆ. ಇದನ್ನ ಮುಚ್ಚೋಕೆ ಬಿಡಲ್ಲ ಅಲ್ವಾ ನೀವು?" ಎಂದು ಜೊಲೀನ್ ಕೇಳಿದಳು.

"ನಾನಿರೋವರೆಗೂ ಇಲ್ಲ" ಎಂದೆ. ಎದೆ ತಟ್ಟಿಕೊಂಡೇ ಹೇಳಿದೆ.

ಏಪ್ರಿಲ್ 2

ಬಂತು. ಅಣೆಕಟ್ಟಿನ ಇಲಾಖೆಯ ಪ್ರಸ್ತಾವ. ಈ ಬೇಸಿಗೆಯುದ್ದಕ್ಕೂ ಆಗಾಗ ನೀರನ್ನು ಯಂತ್ರಗಳಿಗೆ ಕೊಡದೆ, ತಳದ ಕೊಳವೆಗಳಿಂದ ನೇರ ಹೊಳೆಗೆ ಬಿಡುತ್ತಾರಂತೆ.

ಕಾರಣ ಮೀನು. ಜಲಾಶಯ ಇಳಿದಿರುವುದರಿಂದ ಯಂತ್ರಗಳ ಬಾಯಿಗೆ ಮೇಲಿನ ಬೆಚ್ಚಗಿನ ನೀರು ಬರುತ್ತಿದೆ. ಕೆಳಗಿನ ಹೊಳೆ ಬೆಚ್ಚಗಾಗಿ, ಎಲ್ಲಿಂದಲೋ ಬಂದು ಸೇರಿದ ಬಾಸ್ ಮೀನು ಅಲ್ಲಿ ಮರಿ ಹಾಕುತ್ತಿದೆ. ಅದು ಈ ಹೊಳೆಯ ಹಳೆಯ ಗೂನುಮೀನನ್ನು ತಿಂದು ಮುಗಿಸುತ್ತದೆ. ತಳದ ತಣ್ಣನೆಯ ನೀರು ಬಿಟ್ಟರೆ ಬಾಸ್ ಮರಿ ಹಾಕುವುದಿಲ್ಲ. ಇದು ಅವರ ವಾದ.

ಯಂತ್ರಕ್ಕೆ ಸಿಗದ ನೀರೆಂದರೆ ನಮ್ಮ ಪಾಲಿಗೆ ವ್ಯರ್ಥವಾದ ನೀರು. ಆ ನೀರು ಕೊಡಬೇಕಿದ್ದ ವಿದ್ಯುತ್ತನ್ನು ನಮ್ಮವರು ಹೊರಗೆ ದುಬಾರಿಗೆ ಕೊಳ್ಳಬೇಕು. ದೊಡ್ಡ ಊರುಗಳು ಹೇಗೋ ತಡೆದುಕೊಳ್ಳುತ್ತವೆ. ಬ್ಯಾಸ್ಕಂ? ಬೇಸಿಗೆಯಲ್ಲೇ ದುಡ್ಡೆಲ್ಲ ಕರಗಿದರೆ, ಚಳಿಗಾಲಕ್ಕೆ ಅಂಗಳದ ತಂಪುಯಂತ್ರ ಆರಿಸಿ ಬೀಗ ಹಾಕುವುದೊಂದೇ ದಾರಿ.

ನಮ್ಮ ಸಂಘ ಆಕ್ಷೇಪಣೆ ಹಾಕಿದರೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ, ಬೇಸಿಗೆ ಕಳೆದೇಹೋಗುತ್ತದೆ. ಆದರೆ ಆಕ್ಷೇಪಣೆಗೆ ಎಲ್ಲ ಸದಸ್ಯರೂ ಹೂಂ ಎನ್ನಬೇಕು. ಒಬ್ಬರು ಬೇಡವೆಂದರೂ ಕಾಗದ ಹೋಗುವುದಿಲ್ಲ. ನಮ್ಮ ಹಿರಿಯರು ಮಾಡಿಟ್ಟ ನಿಯಮ. ಇವತ್ತಿನವರೆಗೆ ಯಾರನ್ನೂ ಹೂಂ ಎನ್ನಿಸದೆ ಬಿಟ್ಟವಳಲ್ಲ ನಾನು.

ಏಪ್ರಿಲ್ 23

ಇಲಾಖೆಯ ಸಭೆ. ಡೆಲ್ಫಿನಾ ಲುಸೆರೊ ಎಂಬ ಮೀನಿನ ವಿಜ್ಞಾನಿ ಮಾತಾಡಿದಳು. ಎಳೆ ವಯಸ್ಸು, ಬಿಸಿಲಿಗೆ ಸುಲಿದ ಮೂಗು. "ನೀವು ಆ ಮೀನನ್ನ ನೋಡಿದೀರಾ?" ಎಂದು ನನ್ನನ್ನೇ ಕೇಳಿದಳು.

"ನೀವು ನಮ್ಮ ಸ್ಕೇಟಿಂಗ್ ಅಂಗಳ ನೋಡಿದೀರಾ?" ಎಂದೆ. ನಮ್ಮವರು ಚಪ್ಪಾಳೆ ತಟ್ಟಿದರು. ಚೆನ್ನಾಗಿತ್ತು.

ಮೇ 9

ಹೊಳೆಯಿತು! ಹದಿನೈದಕ್ಕೆ ಇಲಾಖೆಯವರು ಕೊಳವೆಗಳನ್ನು ತೆರೆದು ಪರೀಕ್ಷೆ ಮಾಡುತ್ತಾರಂತೆ. ಎಲ್ಲ ಸದಸ್ಯರನ್ನೂ, ಪತ್ರಿಕೆಯವರನ್ನೂ ಬಸ್ಸಿನಲ್ಲಿ ತುಂಬಿಕೊಂಡು ಅಣೆಕಟ್ಟಿನ ಕೆಳಗಿನ ದಡಕ್ಕೇ ಕರೆದೊಯ್ಯುತ್ತೇನೆ. ತಮ್ಮ ಊರಿನ ಬೆಳಕು ಕಣ್ಣೆದುರಿಗೇ ಹೊಳೆ ಪಾಲಾಗುವುದನ್ನು ನೋಡಲಿ. ನೋಡಿದ ಮೇಲೆ ಯಾರು ಬೇಡವೆನ್ನುತ್ತಾರೆ, ನಾನೂ ನೋಡುತ್ತೇನೆ. ವೇಡ್‌ಗೆ ಫೋನ್ ಮಾಡಿದೆ. "ನಿನ್ನ ತಲೆಗೆ ಸಾಟಿ ಇಲ್ಲ ಮಾರಾಯ್ತಿ" ಎಂದ.

ಮೇ 15

ಎಲ್ಲಿಂದ ಶುರು ಮಾಡಲಿ.

ಬಸ್ಸಿನ ಚಾಲಕನಿಗೆ ದಾರಿ ಗೊತ್ತಿರಲಿಲ್ಲ. ನನ್ನನ್ನು ಕೇಳಿದ, ನಾನು ವೇಡ್‌ನನ್ನು ಕೇಳಿದೆ, ವೇಡ್ ಹಿಂದೆ ತಿರುಗಿ ಇಡೀ ಬಸ್ಸನ್ನೇ ಕೇಳಿದ. ಯಾರಿಗೂ ಗೊತ್ತಿಲ್ಲ! ವರ್ಷಾವರ್ಷ ಈ ಅಣೆಕಟ್ಟಿಗೆ ಬರುವ ಜನ, ಇದರ ಹೆಸರಿನಲ್ಲೇ ಅನ್ನ ತಿನ್ನುವ ಜನ, ಒಬ್ಬರೂ ಕೆಳಗಿನ ಹೊಳೆಗೆ ಇಳಿದವರಲ್ಲ. ಲಿಫ್ಟಿನಲ್ಲಿ ಇಳಿದು ಲಿಫ್ಟಿನಲ್ಲೇ ಹತ್ತಿದ್ದೇವೆ. ಕೊನೆಗೆ ದಾರಿಯಲ್ಲಿ ಸಿಕ್ಕ ಗಾಳ ಹಾಕುವವನೊಬ್ಬ ಕೈ ತೋರಿಸಿದ.

ಕೆಂಪು ಬಂಡೆಗಳ ನಡುವೆ ದಡ ಕಿರಿದು. ಹೊಳೆ ಹಸಿರಾಗಿ, ಸದ್ದಿಲ್ಲದೆ ಹೋಗುತ್ತಿತ್ತು. ಕೆಳಗಿನಿಂದ ನೋಡಿದರೆ ಅಣೆಕಟ್ಟು ಆಕಾಶವನ್ನೇ ಅರ್ಧ ತಿಂದಿದೆ. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಪತ್ರಿಕೆಯ ಫೋಟೋ ತೆಗೆಯುವವನು "ಸ್ವಲ್ಪ ಸಿಟ್ಟಿನ ಮುಖ ಮಾಡ್ರಪ್ಪಾ" ಎಂದ. ಎಲ್ಲರೂ ಹುಬ್ಬು ಗಂಟಿಕ್ಕಿದರು. ನೋರ್ವಾ, "ನಂಗೆ ಇದ್ದ ಮುಖಾನೇ ಹಿಂಗೆ, ಹೊಸದಾಗಿ ಏನೂ ಮಾಡ್ಬೇಕಾಗಿಲ್ಲ" ಎಂದರು.

ಸೈರನ್ ಕೂಗಿತು. ಮೊದಲು ಗಾಳಿ ಬಂತು, ತಣ್ಣನೆಯ ಗಾಳಿ, ನೆಲಮಾಳಿಗೆಯ ಬಾಗಿಲು ತೆರೆದ ಹಾಗೆ. ಆಮೇಲೆ ಬಂಡೆಯ ಪಕ್ಕದಿಂದ ಒಂದು ಬಿಳಿಯ ಕಂಬ ಅಡ್ಡಡ್ಡ ಹೊರಗೆ ನುಗ್ಗಿತು. ನೀರು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎರಡನೆಯದು. ಮೂರನೆಯದು. ನಾಲ್ಕನೆಯದು ತೆರೆದಾಗ ಕಾಲಡಿಯ ಮರಳು ನಡುಗಿತು, ನನ್ನ ಹಲ್ಲುಗಳು ನಡುಗಿದವು. ನೀರು ಗಾಳಿಯಲ್ಲಿ ಅಷ್ಟು ದೂರ ಹಾರಿ, ಒಡೆದು, ಮೋಡವಾಗಿ ಎದ್ದು, ಇಡೀ ಕಣಿವೆಯನ್ನು ತುಂಬಿತು. ಆ ಮೋಡದೊಳಗೆ ಕಾಮನಬಿಲ್ಲುಗಳು ಹುಟ್ಟುತ್ತಿದ್ದವು, ಸಾಯುತ್ತಿದ್ದವು.

ದೇವರೇ. ಇಷ್ಟು ವರ್ಷ ನಾನು ಅಂಗೈ ಒತ್ತಿದ್ದ ಕವಚದ ಒಳಗೆ ಇದು ಇತ್ತು. ಇದು!

ವೇಡ್‌ನ ಹ್ಯಾಟ್ ಹಾರಿ ಹೊಳೆಗೆ ಬಿತ್ತು, ಅವನಿಗೆ ಗೊತ್ತೇ ಆಗಲಿಲ್ಲ. ಕೂಗಿದರೂ ಕೇಳಿಸುತ್ತಿರಲಿಲ್ಲ. ಎಲ್ಲರೂ ತೊಪ್ಪೆಯಾಗಿ ನೆನೆದಿದ್ದೆವು. ನಾನು ಬರೆದುಕೊಂಡು ಹೋಗಿದ್ದ ಭಾಷಣ ಜೇಬಿನಲ್ಲೇ ಮುದ್ದೆಯಾಯಿತು.

ವಾಪಸು ಹೊರಡುವುದು ತಡವಾಯಿತು. ಫೋಟೋದವನನ್ನು ಹುಡುಕುತ್ತಾ ನಾನು ದಡದಲ್ಲೇ ಉಳಿದುಬಿಟ್ಟಿದ್ದೆ. ಬಸ್ಸಿನಲ್ಲಿ ಯಾರೂ ಹಾಡಲಿಲ್ಲ, ಜಗಳವಾಡಲಿಲ್ಲ. ಸುಸ್ತಾಗಿರಬೇಕು.

ಮೇ 17

ಪತ್ರಿಕೆಯಲ್ಲಿ ಫೋಟೋ ಬಂದಿದೆ. ಮೇಲೆ ದಪ್ಪಕ್ಷರದಲ್ಲಿ 'ವ್ಯರ್ಥ ನೀರು: ಊರುಗಳ ಆಕ್ರೋಶ.' ಕೆಳಗೆ ನಾವು, ಒದ್ದೆ ಕೋಳಿಗಳ ಹಾಗೆ, ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಾ ನಿಂತಿದ್ದೇವೆ.

ಎಲ್ಡನ್ ಕನ್ನಡಕ ಏರಿಸಿ ನೋಡಿದ. "ಇದೇನೇ ಆಕ್ರೋಶ? ಜುಲೈ ನಾಲ್ಕರ ಸ್ವಾತಂತ್ರ್ಯದಿನದ ಪಟಾಕಿ ನೋಡೋ ಮಕ್ಕಳಂಗೆ ಇದೀರಲ್ಲೇ ಎಲ್ರೂ. ಅದರಲ್ಲೂ ನೀನು!"

ನೀರು ಕಣ್ಣಿಗೆ ಹೊಡೆಯುತ್ತಿತ್ತು ಎಂದೆ. ಅದು ನಿಜವೂ ಹೌದು.

ಮೇ 26

ಭಾನುವಾರ. ದಡಕ್ಕೆ ಮತ್ತೆ ಹೋಗಿದ್ದೆ. ಆಕ್ಷೇಪಣೆಯಲ್ಲಿ ಜಾಗದ ವಿವರ ಬರೆಯುವಾಗ ತಪ್ಪಾಗಬಾರದಲ್ಲ. ಕೊಳವೆಗಳು ಮುಚ್ಚಿದ್ದವು. ಹೊಳೆ ಎಂದಿನಂತೆ ಹಸಿರಾಗಿತ್ತು. ಆದರೂ ಕೂತೆ.

ಕೆಳಗೆ ತಿರುವಿನಲ್ಲಿ ಡೆಲ್ಫಿನಾ ಲುಸೆರೊ ಬಲೆ ಎಳೆಯುತ್ತಿದ್ದಳು. ನನ್ನ ಗುರುತು ಹಿಡಿದು, ಕರೆಯದೇ ಇದ್ದರೆ ಚೆನ್ನಾಗಿತ್ತು ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಕರೆದಳು.

"ಮೊದಲು ಕೈ ನೀರಲ್ಲಿ ಅದ್ದಿ. ಒಣಗೈಲಿ ಮುಟ್ಟಿದ್ರೆ ಅದಕ್ಕೆ ಉರಿಯುತ್ತೆ."

ಅದ್ದಿದೆ. ನೀರು ಬೆಚ್ಚಗಿತ್ತು. ಅಷ್ಟು ಬೆಚ್ಚಗಿರಬಾರದು ಎಂದು ನನ್ನಂಥವಳಿಗೂ ತಿಳಿಯಿತು.

ಮೀನು ನನ್ನ ಅಂಗೈಗೆ ಬಂತು. ಬೆನ್ನ ಮೇಲೆ ಗೂನು, ಸಾಸಿವೆಯಂಥ ಕಣ್ಣು, ತೊಗಲಿನ ಹಾಗೆ ನಯವಾದ ಮೈ. ಕುರೂಪಿ ಎಂದೇ ಹೇಳಬೇಕು. ಅಣೆಕಟ್ಟಿಗೆ ಮೊದಲು ಪ್ರತಿ ವಸಂತದಲ್ಲೂ ಈ ಹೊಳೆ ಕೆಂಪಗೆ ಹುಚ್ಚೆದ್ದು ಬರುತ್ತಿತ್ತಂತೆ. ಆ ಸೆಳೆತದಲ್ಲಿ ಕೊಚ್ಚಿಹೋಗದೆ ನಿಲ್ಲಲು ಬಂದ ಗೂನು ಅದು ಎಂದಳು. ಈ ಕಣಿವೆ ಇನ್ನೂ ಆಳಕ್ಕೆ ಇಳಿಯುತ್ತಿದ್ದಾಗಲೇ ಈ ಮೀನು ಇಲ್ಲಿತ್ತಂತೆ. ಮನುಷ್ಯನೆಂಬ ಪ್ರಾಣಿಗೆ ಇನ್ನೂ ಎರಡು ಕಾಲ ಮೇಲೆ ನೆಟ್ಟಗೆ ನಿಲ್ಲಲು ಬರುತ್ತಿತ್ತೋ ಇಲ್ಲವೋ.

ಅದು ನನ್ನ ಕೈಯಲ್ಲಿ ಉಸಿರಾಡಿತು. ಬಿಟ್ಟೆ.

ರಾತ್ರಿ ಊಟದ ಮೇಲೆ ನೋರ್ವಾಗೆ ಫೋನ್ ಮಾಡಿ ಮೀನಿನ ವಿಷಯ ಪೂರ್ತಿ ಹೇಳಿದೆ. ಎದುರಾಳಿಯ ವಾದ ನಮ್ಮವರಿಗೂ ಗೊತ್ತಿರಬೇಕು ನೋಡಿ. ಬಹಳ ಹೊತ್ತು ಕೇಳಿ, "ಆಯ್ತಾ ಹುಡುಗೀ?" ಎಂದು ಇಟ್ಟುಬಿಟ್ಟರು.

ಜೂನ್ 3

ಆಕ್ಷೇಪಣೆ ಬರೆಯಲು ಕೂತರೆ ಕೈ ಓಡುತ್ತಿಲ್ಲ. ಇಂಥವನ್ನು ನಾನು ನಿದ್ದೆಗಣ್ಣಲ್ಲಿ ಬರೆಯಬಲ್ಲೆ. ಎಲ್ಡನ್ ಹೆಗಲ ಮೇಲಿಂದ ಇಣುಕಿದ.

"ವ್ಯರ್ಥ ಅನ್ನೋ ಪದಾನೇ ಇಲ್ವಲ್ಲೇ ಇದರಲ್ಲಿ. ಮೊದಲು ಸಾಲಿಗೊಂದು ಇರ್ತಿತ್ತು."

ಮರೆತಿರಬೇಕು. ಹುಡುಕಿ ಎರಡು ಕಡೆ ಸೇರಿಸಿದೆ.

ಜೂನ್ 12

ಮುಗಿಯಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ನನ್ನ ಇಷ್ಟು ತಿಂಗಳ ಪಾಡು.

ನಮ್ಮ ಸಭೆಯಲ್ಲಿ ಚಿಕ್ಕ ಊರು ಮೊದಲು ಮಾತಾಡಬೇಕು, ದೊಡ್ಡದು ಕೊನೆಗೆ. ದೊಡ್ಡವರ ಮಾತಿಗೆ ಚಿಕ್ಕವರು ಹೆದರಬಾರದೆಂದು ಇಟ್ಟುಕೊಂಡ ಪದ್ಧತಿ. ನಾನು ಆಕ್ಷೇಪಣೆ ಓದಿದೆ. ವೇಡ್, "ಬ್ಯಾಸ್ಕಂ" ಎಂದ. ನೋರ್ವಾ ಎದ್ದರು.

"ಇದರಿಂದ ಎಲ್ಲರಿಗಿಂತ ಜೋರಾಗಿ ಏಟು ಬೀಳೋದು ನಮ್ಮೂರಿಗೆ. ಅಂಗಳ ಮುಚ್ಚಬೇಕಾಗುತ್ತೆ. ಗೊತ್ತಿದ್ದೇ ಹೇಳ್ತಿದೀನಿ. ಅಂಗಳ ಒಂದು ಚಳಿಗಾಲ ಮುಚ್ಚಿದ್ರೆ ಇನ್ನೊಂದು ಚಳಿಗಾಲಕ್ಕೆ ತೆಗೀಬಹುದು. ಆ ಮೀನು ಹೋದ್ರೆ ಹೋಯ್ತು. ಮತ್ತೆ ನಾನು ಅಲ್ಲಿ ನಿಂತು ನೋಡಿದೀನಿ ಕಣ್ರಪ್ಪಾ. ನೀವೂ ನೋಡಿದೀರಿ. ಅದನ್ನ ವ್ಯರ್ಥ ಅಂತ ಬರೆದಿರೋ ಕಾಗದಕ್ಕೆ ಹೂಂ ಅನ್ನೋಕೆ ನನ್ನ ಕೈಲಾಗಲ್ಲ. ಬೇಡ."

ಕೂತರು. ವೇಡ್ ನನ್ನನ್ನು ನೋಡಿದ. ಈಗ ನಾನು ಎದ್ದು ವಾದ ಮಾಡಬೇಕು, ಅದು ನನ್ನ ಕೆಲಸ. ಎಷ್ಟು ಬೇಡಗಳನ್ನು ಹೂಂ ಮಾಡಿಸಿದ್ದೇನೆ. ಬಾಯಿ ತೆರೆದೆ, ನೀರು ಕುಡಿದೆ. ಕೈಲಿದ್ದ ಕಾಗದ ಮಡಿಸಿದೆ. ವೇಡ್ ಸ್ವಲ್ಪ ಕಾದು, "ಬೇಡ ಅಂದ್ರೆ ಬೇಡ. ಮುಗೀತು" ಎಂದ. ಅವನಿಗಾದರೂ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಹೊರಗೆ ಕಾರಿನ ಹತ್ತಿರ ನೋರ್ವಾರನ್ನು ಹಿಡಿದೆ. "ಹೀಗೆ ಮಾಡಬಹುದಾ ನೀವು? ನನ್ನ ಮಾತಿಗೆ ಏನು ಬೆಲೆ ಉಳೀತು?"

"ಬಸ್ಸು ಮಾಡಿ ಕರ್ಕೊಂಡು ಹೋದೋಳು ನೀನು. ಹಾರ್ನ್ ಹೊಡೆದ್ರೂ ದಡ ಬಿಟ್ಟು ಬರದೇ ಇದ್ದೋಳು ನೀನು. ಅರ್ಧ ರಾತ್ರಿವರೆಗೂ ಮೀನಿನ ಕಥೆ ಹೇಳ್ದೋಳು ನೀನು. ಈಗ ನನ್ನ ಕೇಳ್ತೀಯಾ?" ಎಂದು ಕಾರಿನ ಬಾಗಿಲು ಹಾಕಿಕೊಂಡರು. ಗಾಜು ಇಳಿಸಿ ಮತ್ತೆ ಹೇಳಿದರು. "ಊರಿನ ಸಭೆ ಇಪ್ಪತ್ತಾರಕ್ಕೆ. ನಾನೊಬ್ಬಳೇ ಬೈಸಿಕೊಳ್ಳಲ್ಲ. ನೀನೂ ಬಾ."

ಜೂನ್ 13

ಸಿಟ್ಟು ಇಳಿದಿಲ್ಲ. ಯಾರ ಮೇಲೆ ಎಂದೇ ತಿಳಿಯುತ್ತಿಲ್ಲ.

ಜೂನ್ 26

ಬ್ಯಾಸ್ಕಂ ಸಭೆ ಮುಗಿಸಿ ಬಂದೆ. ಸಭೆ ನಡೆದದ್ದು ಸ್ಕೇಟಿಂಗ್ ಅಂಗಳದಲ್ಲೇ. ಬೇಸಿಗೆಯಾದ್ದರಿಂದ ಮಂಜುಗಡ್ಡೆ ಇರಲಿಲ್ಲ, ಬರಿಯ ಸಿಮೆಂಟು, ಅದರ ಮೇಲೆ ಮಡಿಸುವ ಕುರ್ಚಿಗಳು. ಹಿಂದಿನ ಮೇಜಿನ ಮೇಲೆ ಹೆಂಗಸರು ತಂದ ಆಲೂಗಡ್ಡೆ ಚೀಸ್ ಬೇಯಿಸಿದ್ದು, ಮೇಲೆ ಗರಿಗರಿ ಕಾರ್ನ್‌ಫ್ಲೇಕ್ಸ್. ನಮ್ಮ ಕಡೆ ಯಾರಾದರೂ ಸತ್ತಾಗ ಅದನ್ನೇ ಮಾಡುವುದು.

ನೋರ್ವಾ ಇದ್ದದ್ದನ್ನು ಇದ್ದಂತೆ ಹೇಳಿದರು. "ಈ ಚಳಿಗಾಲ ಅಂಗಳ ತೆರೆಯಲ್ಲ. ಬೇಡ ಅಂತ ಎದ್ದೋಳು ನಾನೇ. ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ" ಎಂದರು. ಗದ್ದಲವೆದ್ದಿತು. "ನಮಗಿಂತ ಮೀನು ಹೆಚ್ಚಾಯ್ತಾ?" "ಮೀನಿಗೆ ಸ್ಕೇಟಿಂಗ್ ಕಲಿಸ್ತೀರಾ?" ಯಾರೋ ನಕ್ಕರು, ಯಾರೋ ಎದ್ದುಹೋದರು.

ಜೊಲೀನ್ ಪ್ರಾಟ್ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ನಾನಿರೋವರೆಗೂ ಇಲ್ಲ ಅಂದಿದ್ರಿ."

"ಅಂದಿದ್ದೆ."

"ಮತ್ತೆ?"

ಬರೆದುಕೊಂಡು ಹೋಗಿದ್ದೆ, ನಿಯಮ, ಇಲಾಖೆ, ಎಲ್ಲ. ಓದಬಹುದಿತ್ತು. ಎದ್ದು ನಿಂತು, ಯಾಕೋ, ಆ ದಿನದ ಕಥೆ ಹೇಳತೊಡಗಿದೆ. ದಾರಿ ಗೊತ್ತಿಲ್ಲದ ಬಸ್ಸು, ಗಾಳಿ, ಮೊದಲ ಬಿಳಿ ಕಂಬ. ಮರಳು ನಡುಗಿದ್ದು. ಸಾಸಿವೆಗಣ್ಣಿನ ಮೀನು ನನ್ನ ಅಂಗೈಯಲ್ಲಿ ಉಸಿರಾಡಿದ್ದು. ಹೇಳುತ್ತಾ ಹೇಳುತ್ತಾ ದನಿ ಒಡೆಯಿತು. ಸಭೆಯಲ್ಲಿ ನನಗೆ ಹಾಗೆ ಎಂದೂ ಆದದ್ದಿಲ್ಲ, ನಾಚಿಕೆಯಾಯಿತು.

"ನನ್ನ ಮಗಳಿಗೆ ಏನು ಹೇಳ್ಲಿ?" ಎಂದಳು ಜೊಲೀನ್.

"ಜುಲೈ ಹದಿನೆಂಟಕ್ಕೆ ಮತ್ತೆ ನೀರು ಬಿಡ್ತಾರೆ. ಕರ್ಕೊಂಡು ಬನ್ನಿ ಅವಳನ್ನ."

"ಅದು ಉತ್ತರ ಅಲ್ಲ."

"ಅಲ್ಲ" ಎಂದೆ.

ಅವಳು ಚೀಲ ಎತ್ತಿಕೊಂಡು ಹೊರಟುಹೋದಳು. ಉಳಿದವರಲ್ಲಿ ಹಿಂದಿನ ಸಾಲಿನ ಮುದುಕನೊಬ್ಬ ಗಂಟಲು ಸರಿಮಾಡಿಕೊಂಡ. "ಆ ದಡಕ್ಕೆ ನಮ್ಮ ಶಾಲೆ ಬಸ್ಸು ಇಳಿಯುತ್ತಾ? ಹೆಂಗೂ ದುಡ್ಡು ಕೊಡ್ತಿರೋದು ನಾವು, ಕಣ್ಣಾರೆ ನೋಡಾದ್ರೂ ಬರೋಣ."

ನೋರ್ವಾ ನನ್ನ ತಟ್ಟೆಗೆ ಆಲೂಗಡ್ಡೆ ಬಡಿಸಿದರು. ತಿಂದೆ. ಎರಡು ಸಲ ಹಾಕಿಸಿಕೊಂಡೆ.

ಜುಲೈ 18

ಬ್ಯಾಸ್ಕಂನ ಹಳದಿ ಬಸ್ಸು ತುಂಬಿ ಬಂತು. ಜೊಲೀನ್ ಕೊನೆಗೆ ಇಳಿದಳು, ಟೆಸ್ ಅವಳ ಹಿಂದೆ. ನನಗೆ ನಮಸ್ಕಾರವಿಲ್ಲ, ಏನಿಲ್ಲ. ಟೆಸ್ ನೀರಿನ ಅಂಚಿಗೆ ಓಡಿದಳು. ಜೊಲೀನ್ ಮಾತ್ರ ಎದೆಯ ಮೇಲೆ ಕೈ ಕಟ್ಟಿಕೊಂಡು, ಬೇಕೆಂದೇ ಅಣೆಕಟ್ಟಿಗೆ ಬೆನ್ನು ಹಾಕಿ, ಬಸ್ಸನ್ನು ನೋಡುತ್ತಾ ನಿಂತಳು. ಮಗಳಿಗೋಸ್ಕರ ಬಂದಿದ್ದಾಳೆ, ನೋಡಲು ಬಂದಿಲ್ಲ ಎಂಬುದು ನನಗೆ ತಿಳಿಯಲಿ ಎಂದು. ನಾನು ಹೋಗಿ ಪಕ್ಕದಲ್ಲಿ ನಿಂತೆ.

ಸೈರನ್ ಕೂಗಿತು. ಗಾಳಿ ಬಂತು. ಅವಳ ಕೂದಲು ಹಾರಿತು, ಅವಳು ಅಲ್ಲಾಡಲಿಲ್ಲ. ಮೊದಲನೆಯದು ತೆರೆಯಿತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ನೀರನ್ನಲ್ಲ. ಎರಡನೆಯದು. ಕಾಲಡಿ ನಡುಕ ಶುರುವಾಯಿತು, ಅವಳು ಕೆಳಗೆ ನೆಲ ನೋಡಿದಳು. ಮೂರನೆಯದು. ಎಲ್ಲಿಂದಲೋ ಟೆಸ್ ಕಿರುಚಿದ್ದು ಕೇಳಿಸಿತು. ಭಯದ ಕಿರುಚಾಟವಲ್ಲ, ಆದರೂ ಯಾವ ತಾಯಿ ತಿರುಗದೆ ಇರುತ್ತಾಳೆ?

ಜೊಲೀನ್ ತಿರುಗಿದಳು. ಅವಳ ಕೈಗಳು ತಾವಾಗಿಯೇ ಬಿಚ್ಚಿಕೊಂಡವು. ಒಂದು ಕೈ ಗಾಳಿಯಲ್ಲಿ ಏನನ್ನೋ ಹುಡುಕಿ, ನನ್ನ ಕೈ ಸಿಕ್ಕಿದ್ದೇ ತಡ ಬಿಗಿಯಾಗಿ ಹಿಡಿದುಕೊಂಡಿತು. ಮುಖದ ಮೇಲೆಲ್ಲ ನೀರು ಸುರಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನನ್ನ ಕಿವಿಗೆ ಬಾಯಿ ಇಟ್ಟು ಕೂಗಿದಳು.

"ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ ನಂಗೆ!"

ಕೇಳಿಸಿತು ಎಂದು ತಲೆಯಾಡಿಸಿದೆ. ಅವಳು ಮತ್ತೆ ನೀರಿನ ಕಡೆ ತಿರುಗಿದಳು. ಕೊಳವೆಗಳು ಮುಚ್ಚುವವರೆಗೂ ನನ್ನ ಕೈ ಬಿಡಲಿಲ್ಲ.